ಭಾಗವತರಿಗೂ ಮೂರು ಕೊಟೇಶನ್!

ಹೊಸ ಪಠ್ಯಕ್ರಮ ರೂಪಿಸುವ ಅಧ್ಯಾಪಕರಿಗೆಂದು ವಿಶ್ವವಿದ್ಯಾಲಯ ಕೊಡುವ ಆಂತರಿಕ ಅನುದಾನಕ್ಕೆ ನಾನು ಹಾಕಿದ್ದ ಅರ್ಜಿ ನಿನ್ನೆ ಮೂರನೆಯ ಬಾರಿ ಹಿಂದಿರುಗಿ ಬಂತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕಾಸರಗೋಡಿನ ಕುಂಬಳೆಯ ಆಸುಪಾಸಿನ ನಮ್ಮ ಮಕ್ಕಳು ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಅರ್ಥಗಾರಿಕೆಯನ್ನು, ಅಂದರೆ ಕಲಾವಿದರು ಆಶುವಾಗಿ ಆಡುವ ಮಾತನ್ನು, ಧ್ವನಿಮುದ್ರಿಸಿ, ಬರೆದಿಳಿಸಿ, ಆ ಭಾಷೆಯನ್ನು ಅಭ್ಯಸಿಸುವ ಪಠ್ಯಪತ್ರಿಕೆಯೊಂದನ್ನು ನಾನು ಯೋಜಿಸಿದ್ದೆ. ಈ ಸಲದ ಆಕ್ಷೇಪವೆಂದರೆ, ತರಗತಿಗೆ ಬಂದು ಹಾಡಿ ತೋರಿಸಬೇಕಾದ ಹಿರಿಯ ಭಾಗವತರ ಗೌರವಧನಕ್ಕೆ ಮೂರು ಕೊಟೇಶನ್ ಲಗತ್ತಿಸಿಲ್ಲವಂತೆ! ಭಾಗವತರೇನು ಪ್ರಿಂಟರಿನ ಶಾಯಿಯೇ, ಮೂರು ಅಂಗಡಿಗಳಲ್ಲಿ ದರ ವಿಚಾರಿಸಲು? ಎಂಬತ್ತು ದಾಟಿದವರ ಜಗಲಿಯಲ್ಲಿ ಕುಳಿತು, ನಿಮಗಿಂತ ಅಗ್ಗಕ್ಕೆ ಹಾಡುವವರು ಇದ್ದಾರೆಯೇ ಎಂದು ನಾನು ಯಾವ ಬಾಯಿಯಿಂದ ಕೇಳಲಿ?

ಮೊದಲ ಸಲ ನನ್ನ ಕನ್ನಡ ಪಠ್ಯವೆಲ್ಲ ಪೋರ್ಟಲಿನಲ್ಲಿ ಸಾಲುಸಾಲು ಖಾಲಿ ಚೌಕಗಳಾಗಿ ಕಾಣಿಸಿತೆಂದು ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು. ಎರಡನೆಯ ಸಲ, ಯಕ್ಷಗಾನ ಹಳೆಯದು, ಇದರಲ್ಲಿ ನಾವೀನ್ಯವೇನಿದೆ ಎಂದರು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಗಡಿಯ ಈಚೆ, ಕೇರಳದಲ್ಲಿ ಉಳಿದ ಕನ್ನಡಕ್ಕೆ ತರಗತಿಯಲ್ಲೊಂದು ಹೊಸ ದಾರಿ ತೆರೆಯುವುದು ನಾವೀನ್ಯವಲ್ಲದಿದ್ದರೆ ಇನ್ನಾವುದು ನಾವೀನ್ಯ?

2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಆರಂಭವಾದಂದಿನಿಂದ ಹೊಸ ಪತ್ರಿಕೆ ರೂಪಿಸಿ ಎಂಬ ಮಾತು ಕೇಳದ ಸಭೆಯಿಲ್ಲ. ಆದರೆ ಅನುದಾನ ಮಂಜೂರಾದವರ ಕೈಗೆ ಹಣ ಸಿಗುವುದು ಮಾರ್ಚಿನ ನಡುವೆ. ಅದನ್ನು ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಸಲ್ಲಿಸಬೇಕಾದದ್ದು 31ರೊಳಗೆ. ಆ ಹದಿನೈದು ದಿನಗಳಲ್ಲಿ ಪರೀಕ್ಷೆಗೆ ಓದುತ್ತಿರುವ ಮಕ್ಕಳನ್ನು ಎಲ್ಲಿಗೆಂದು ಕರೆದೊಯ್ಯುವುದು?

ನಿನ್ನೆ ಸಂಜೆ ಭಾಗವತರೇ ಫೋನ್ ಮಾಡಿ, "ಮಾಸ್ಟ್ರೇ, ಮಕ್ಕಳು ಯಾವಾಗ ಬರುವುದು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.