ಛಾವಣಿಯ ಹಸಿರಿಗೆ ಟೊರೊಂಟೊ ಅಳತೆ, ಬೆಂಗಳೂರಿನ ಪಂಚಾಂಗ

ದೊಡ್ಡ ಹೊಸ ಕಟ್ಟಡಗಳಿಗೆ ಹಸಿರು ಛಾವಣಿ, ಅಂದರೆ ಮಣ್ಣು ಹಾಕಿ ಗಿಡ ಬೆಳೆಸಿದ ಛಾವಣಿ, ಕಡ್ಡಾಯ ಎಂಬ ನಿಯಮವನ್ನು ಕೆನಡಾದ ಟೊರೊಂಟೊ ನಗರ 2009ರಲ್ಲೇ ತಂದಿತು. 2010ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಶುರುವಾದ ಪ್ರಯೋಗಾಲಯ 33 ಮಡಿಗಳನ್ನು ಛಾವಣಿಯ ಮೇಲೆ ಹಾಕಿ, ಮಣ್ಣು 10 ಸೆಂ.ಮೀ. ಸಾಕೋ 15 ಬೇಕೋ, ಎಲೆಯಲ್ಲಿ ನೀರು ಹಿಡಿದಿಡುವ ಕುಳ್ಳ ಗಿಡ ಸೀಡಮ್ ಒಳ್ಳೆಯದೋ ಹುಲ್ಲುಗಾವಲಿನ ಗಿಡಗಳೋ, ನೀರು ಹಾಯಿಸಬೇಕೋ ಬೇಡವೋ ಎಂದು ಹೋಲಿಸಿ ನೋಡತೊಡಗಿತು. ಈ ಅಳತೆಯ ಶಿಸ್ತು ನಮ್ಮ ಬೆಂಗಳೂರಿಗೂ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 'ಗಿಡ ಚೆನ್ನಾಗಿ ಬಂದಿದೆ' ಅಂದರೆ ಸಾಲದು.

ಹೊದಿಕೆ, ಅಂದರೆ ಮಡಿಯ ಎಷ್ಟು ಭಾಗವನ್ನು ಗಿಡ ಮುಚ್ಚಿದೆ ಎಂಬುದನ್ನು ಅಳೆಯಲು ಬೇಕಾಗುವುದು ಅರ್ಧ ಮೀಟರಿನ ಒಂದು ಚೌಕಟ್ಟು. ಅದಕ್ಕೆ ಉದ್ದಕ್ಕೆ ಹತ್ತು, ಅಡ್ಡಕ್ಕೆ ಹತ್ತು ದಾರ ಬಿಗಿದರೆ ನೂರು ಗಂಟುಗಳು. ಪ್ರತಿ ಗಂಟಿನಿಂದ ತೆಳು ಕಡ್ಡಿಯನ್ನು ನೇರ ಇಳಿಸಿ, ಮೊದಲು ತಾಗಿದ್ದು ಯಾವ ಗಿಡ ಅಥವಾ ಬರಿ ಮಣ್ಣೇ ಎಂದು ಬರೆದುಕೊಳ್ಳಬೇಕು. 62 ಕಡೆ ಗಿಡ ತಾಗಿದರೆ ಹೊದಿಕೆ ಶೇ. 62. ಮಡಿಯ ಅಂಚಿನ 20 ಸೆಂ.ಮೀ. ಬಿಟ್ಟುಬಿಡಿ, ಅಲ್ಲಿ ಮಣ್ಣು ಬೇಗ ಕಾದು ಒಣಗುತ್ತದೆ. ಪ್ರತಿ ಸಲವೂ ಅದೇ ಜಾಗ ಸಿಗಬೇಕು, ಆದರೆ ಗುರುತಿಗೆಂದು ಗೂಟ ಹೊಡೆದರೆ ಜಲನಿರೋಧಕ ಪದರ ತೂತಾಗುತ್ತದೆ. ನಂಬರ್ ಬರೆದ ಟೈಲ್ಸ್ ತುಂಡು ಇಟ್ಟರೆ ಆಯಿತು.

ಫೋಟೋ ತೆಗೆದು ಸಾಫ್ಟ್‌ವೇರಿನಲ್ಲಿ ಹಸಿರು ಎಣಿಸುವುದು ಸುಲಭವೇನೋ ಹೌದು. ಆದರೆ ಚಳಿ ಬಿದ್ದಾಗ, ನೀರು ಕಡಿಮೆಯಾದಾಗ ಸೀಡಮ್ ಕೆಂಪಾಗುತ್ತದೆ. ಜೀವಂತ ಗಿಡವನ್ನೇ ಸಾಫ್ಟ್‌ವೇರ್ ಸತ್ತ ಲೆಕ್ಕಕ್ಕೆ ಸೇರಿಸುತ್ತದೆ. ಕಳೆ ಬೆಳೆದಿದ್ದರೆ ಅದನ್ನೂ ಬೆಳೆಯೆಂದೇ ಎಣಿಸುತ್ತದೆ. ತೇವದ ಸೆನ್ಸರ್ ಕಥೆಯೂ ಇಷ್ಟೇ: ಛಾವಣಿಯ ಜಲ್ಲಿಮಿಶ್ರಿತ ಹಗುರ ಮಣ್ಣಿನಲ್ಲಿ ಗಾಳಿಯ ಸಂದು ಹೆಚ್ಚು, ಹಾಗಾಗಿ ಇರುವುದಕ್ಕಿಂತ ಕಡಿಮೆ ತೇವ ತೋರಿಸುತ್ತದೆ. ಅದೇ ಮಣ್ಣನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ಒಣಗಿಸುವ ಮೊದಲೂ ನಂತರವೂ ತೂಗಿ, ಸಿಕ್ಕ ನಿಜವಾದ ತೇವಕ್ಕೆ ಸೆನ್ಸರನ್ನು ಹೊಂದಿಸಿಕೊಳ್ಳಬೇಕು.

ಟೊರೊಂಟೊದಿಂದ ತರಬಾರದ್ದು ವೇಳಾಪಟ್ಟಿ ಮತ್ತು ಗಿಡಗಳ ಪಟ್ಟಿ. ಟೊರೊಂಟೊದಲ್ಲಿ ಗಿಡಕ್ಕೆ ಕಂಟಕ ಚಳಿಗಾಲ, ಆದ್ದರಿಂದ ಹಿಮ ಕರಗಿದ ಮೇಲೆ ಎಷ್ಟು ಚಿಗುರಿತು ಎಂಬುದೇ ಮುಖ್ಯ. ಬೆಂಗಳೂರಿನಲ್ಲಿ ನಿಜವಾದ ಪರೀಕ್ಷೆ ಫೆಬ್ರವರಿಯಿಂದ ಏಪ್ರಿಲ್. ಆಗ ಹದಿನೈದು ದಿನಕ್ಕೊಮ್ಮೆ ಅಳೆಯಬೇಕು. ಟೊರೊಂಟೊದಲ್ಲಿ ಗೆದ್ದ ಸೀಡಮ್ ನಮ್ಮ ಮಳೆಗಾಲದ ಬಿಡದ ತೇವಕ್ಕೆ ಬುಡ ಕೊಳೆತು ಹೋಗಬಹುದು. ಹಾಗಾಗಿ ಸೆಪ್ಟೆಂಬರ್ ಮಳೆಯ ನಂತರ ಇನ್ನೊಂದು ಅಳತೆ ಬೇಕೇಬೇಕು.

ಹೊದಿಕೆಯ ಪಕ್ಕದಲ್ಲೇ ಕೊಟ್ಟ ನೀರನ್ನೂ ಬರೆಯಿರಿ. ಚದರ ಮೀಟರಿಗೆ ಒಂದು ಲೀಟರ್ ಅಂದರೆ ಒಂದು ಮಿ.ಮೀ. ಮಳೆಗೆ ಸಮ. ಟ್ಯಾಂಕರ್ ನೀರು ಸುರಿದು ಉಳಿಸಿದ ಶೇ. 90ನ್ನು ಮಳೆಯಲ್ಲೇ ಉಳಿದ ಶೇ. 60ರ ಜೊತೆ ಹೋಲಿಸುವಂತಿಲ್ಲ.