ಮೇಲಿನ ಅರೆಗೆ ಹೋದ ರಾಗಿ ಡಬ್ಬಿ

ಅಣ್ಣನ ಮಗಳ ಕೂಸಿಗೆ ಆರು ತಿಂಗಳು ತುಂಬಿತು. ಮೊದಲ ತುತ್ತು ತಿನ್ನಿಸುವುದನ್ನು ನೋಡೋಣ ಎಂದು ಅರ್ಧ ದಿನ ರಜೆ ಹಾಕಿ ಹೋದವಳು, ಹೊಟ್ಟೆಯಲ್ಲಿ ಒಲೆ ಹಚ್ಚಿಕೊಂಡು ಬಂದಿದ್ದೇನೆ. ಬರಹ ಉದ್ದವಾಗುತ್ತದೆ. ಪುರುಸೊತ್ತಿಲ್ಲದವರು ಮುಂದೆ ಹೋಗಿ.

ಬಟ್ಟಲಿನಲ್ಲಿ ಬೆಳ್ಳಗೆ ಏನೋ ಇತ್ತು.

"ನವಣೆಯೇನೇ?" ಎಂದೆ.

"ಕೀನ್ವಾ ಅತ್ತೆ."

"ಪ್ಯಾಕೆಟ್ಟಿನ ಮೇಲೆ ಕ್ವಿನೋವಾ ಅಂತಿದೆಯಲ್ಲ?"

"ಬರೆಯುವುದು ಹಾಗೆ, ಹೇಳುವುದು ಹೀಗೆ."

ಆಗಲಿ ತಾಯಿ. ನಾವು ಮುದ್ದೆ ಎಂದು ಬರೆದು ಮುದ್ದೆ ಎಂದೇ ಓದುವ ಜನ.

ಕೂಸು ಮೊದಲ ಚಮಚಕ್ಕೆ ಮುಖ ಕಿವುಚಿತು. ಎರಡನೆಯದನ್ನು ನಾಲಿಗೆಯಿಂದ ಹೊರಕ್ಕೆ ತಳ್ಳಿತು. ಬೆಂದ ಕಾಳಿನಿಂದ ಬಿಚ್ಚಿಕೊಳ್ಳುವ ಬಿಳಿ ಬಾಲಗಳು ಗಲ್ಲದ ಮೇಲೆಲ್ಲ ಪುಟ್ಟ ಉಂಗುರಗಳ ಹಾಗೆ ಅಂಟಿಕೊಂಡಿದ್ದವು. ಬೆರಳಲ್ಲಿ ಬಳಿದು ಬಾಯಿಗೆ ಹಾಕಿಕೊಂಡೆ. ಕಹಿ! ಅಂಟುವಾಳದ ಕಾಯಿಯಲ್ಲಿ ನೊರೆ ಬರಿಸುತ್ತದಲ್ಲ ಸಪೋನಿನ್, ಅದೇ ಜಾತಿಯ ವಸ್ತು ಈ ಕಾಳಿನ ಹೊರಪದರದಲ್ಲೂ ಇರುತ್ತದೆ. ನೊರೆ ನಿಲ್ಲುವವರೆಗೆ ಉಜ್ಜಿ ತೊಳೆಯಬೇಕು. ತೊಳೆದೆಯಾ ಎಂದರೆ, ಪ್ಯಾಕೆಟ್ಟಿನವರೇ ತೊಳೆದಿರುತ್ತಾರಂತೆ! (ಮೊದಲ ದಿನ ರಾಗಿ ಸರಿ ಕೊಟ್ಟಿದ್ದರೂ ಕೂಸು ಉಗುಳುತ್ತಿತ್ತು. ಒಪ್ಪುತ್ತೇನೆ. ನನಗೆ ಉರಿದದ್ದು ಅದಕ್ಕಲ್ಲ.)

ಉರಿದದ್ದು ಅತ್ತಿಗೆಯ ಡಬ್ಬಿಗೆ. ತುಮಕೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಡಬ್ಬಿ ಅದು. ರಾಗಿಯನ್ನು ಕಲ್ಲು ಹೋಗುವಂತೆ ತೊಳೆದು, ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಮಿಲ್ಲಿನವನ ಕೈಯಲ್ಲಿ ನುಣ್ಣಗೆ ಬೀಸಿಸಿ, ಅಣ್ಣನ ಹಳೆಯ ಪಂಚೆಯಲ್ಲಿ ಸೋಸಿದ ಹಿಟ್ಟು. ವಾರದ ಕೆಲಸ. ಅದೀಗ ಅಡುಗೆಮನೆಯ ಮೇಲಿನ ಅರೆಯಲ್ಲಿ, ನೆಂಟರಿಗೆಂದು ಎತ್ತಿಟ್ಟ ಕಪ್ಪು-ಬಸಿಗಳ ಹಿಂದೆ ಕುಳಿತಿದೆ. "ಒಂದು ವರ್ಷ ತುಂಬಲಿ ಅಮ್ಮ, ಆಮೇಲೆ ನೋಡೋಣ." ಅತ್ತಿಗೆ ತುಟಿ ಬಿಚ್ಚಲಿಲ್ಲ. ಕೂಸಿನ ಗಲ್ಲ ಒರೆಸಿದರು.

ಪ್ರೋಟೀನ್ ಎಂದು ಶುರುಮಾಡುವವರು ಇಲ್ಲೇ ಇದ್ದೀರಿ ಎಂದು ಗೊತ್ತು. ಹೌದು, 100 ಗ್ರಾಂ ಕ್ವಿನೋವಾದಲ್ಲಿ 13-14 ಗ್ರಾಂ ಪ್ರೋಟೀನ್, ರಾಗಿಯಲ್ಲಿ ಏಳರ ಆಸುಪಾಸು. ರಾಗಿಯಲ್ಲಿ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಡಿಮೆ ಎನ್ನುವುದೂ ನಿಜ. ಅದಕ್ಕೆ ತಾನೇ ಹೆಸರುಬೇಳೆ ಇರುವುದು? ಕೂಸೇನು ಜನ್ಮವಿಡೀ ಒಂದೇ ಕಾಳು ತಿನ್ನುತ್ತದೆಯೇ? ಕ್ಯಾಲ್ಸಿಯಂ ಲೆಕ್ಕಕ್ಕೆ ಬನ್ನಿ: ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ನಿಮ್ಮ ಕೀನ್ವಾ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಇನ್ನು ಆ ಮೊಳಕೆ ಇದೆಯಲ್ಲ, ಅದು ಶಾಸ್ತ್ರಕ್ಕೆ ಕಟ್ಟಿದ್ದಲ್ಲ. ಮೊಳೆತ ಕಾಳಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಹಾಗಾಗಿ ಸರಿ ಗಟ್ಟಿಯಾಗದೆ ತೆಳ್ಳಗೇ ಉಳಿಯುತ್ತದೆ. ಅದೇ ಚಮಚದಲ್ಲಿ ಹೆಚ್ಚು ಹಿಟ್ಟು ಹೊಟ್ಟೆಗೆ ಹೋಗುತ್ತದೆ. ಉದ್ದಿನಕಾಳಿನಷ್ಟು ಹೊಟ್ಟೆಯ ಜೀವಕ್ಕೆ ಅದು ಸಣ್ಣ ವಿಷಯವಲ್ಲ.

ಕ್ವಿನೋವಾದ ಮೇಲೆ ನನಗೇನೂ ಹಗೆಯಿಲ್ಲ. ಚೆನ್ನಾಗಿ ತೊಳೆದು, ಮೆತ್ತಗೆ ಬೇಯಿಸಿ, ಮಸೆದು ಧಾರಾಳವಾಗಿ ಕೊಡಲಿ, ರಾಗಿಯ ಪಕ್ಕದಲ್ಲಿ. ಪಾಪ ಅದೂ ನಮ್ಮ ರಾಗಿಯ ಹಾಗೇ ಅವಮಾನ ಉಂಡ ಧಾನ್ಯ. ಪೆರು, ಬೊಲಿವಿಯಾಗಳ ಬೆಟ್ಟದ ಜನ ಟಿಟಿಕಾಕಾ ಸರೋವರದ ಸುತ್ತ ಸಾವಿರಾರು ವರ್ಷಗಳಿಂದ ಬೆಳೆದು ಉಂಡದ್ದನ್ನು, ಸ್ಪೇನಿನಿಂದ ಬಂದ ದೊರೆಗಳು ಕೀಳು ಜನರ ಕೂಳು ಎಂದು ಮೂಗು ಮುರಿದರು. ಆಮೇಲೆ ಅಲ್ಲಿನ ಪೇಟೆಯವರೂ ಹಾಗೇ ಅಂದರು. 2013ರಲ್ಲಿ ವಿಶ್ವಸಂಸ್ಥೆ ಕ್ವಿನೋವಾ ವರ್ಷ ಆಚರಿಸಿತು, ಅದಕ್ಕೆ ಮಾನ ಬಂತು. 2023ರಲ್ಲಿ ಸಿರಿಧಾನ್ಯಗಳ ವರ್ಷವೂ ಆಯಿತು. ನಮ್ಮ ಹುಡುಗಿಗೆ ಮಾತ್ರ ರಾಗಿ ಇನ್ನೂ ಊರಿನ ಹಿಟ್ಟೇ. ಆ ಪೆರು, ಬೊಲಿವಿಯಾಗಳ ಯಾವ ಅಜ್ಜಿಯ ಡಬ್ಬಿಯೂ ಯಾವುದೋ ಮಗಳ ಮನೆಯ ಅರೆ ಸೇರಿತ್ತೋ ಏನೋ.

ಇಷ್ಟು ಬಡಬಡಿಸಿದ ಮೇಲೆ ಇದನ್ನೂ ಹೇಳಿಬಿಡಬೇಕು. ನನ್ನ ಮಗ ಹುಟ್ಟಿದಾಗ ಅಮ್ಮ ಎರಡು ಸೇರು ಸರಿ ಹಿಟ್ಟು ಕಳಿಸಿದ್ದರು, ಜೊತೆಗೆ ನನಗೆ ಕುಡಿಸಿದ ಬೆಳ್ಳಿಯ ಒಳಲೆ. ರಾಗಿ ತಿಂದರೆ ಮಗು ಕಪ್ಪಾಗುತ್ತದೆ ಎಂದು ಪಕ್ಕದ ಮನೆಯವರೊಬ್ಬರು ಅಂದರು. ಎಂ.ಎಸ್ಸಿ. ಓದಿದ ನಾನು ನಂಬಿದೆ. ನಂಬಲಿಲ್ಲ ಎಂದುಕೊಂಡೇ ನಂಬಿದೆ. ಅಂಗಡಿಯಿಂದ ಡಬ್ಬದ ಪುಡಿ ತಂದು ಕಲಸಿ ತಿನ್ನಿಸಿದೆ. ನಾಲ್ಕು ತಿಂಗಳ ಮೇಲೆ ಅಮ್ಮನ ಹಿಟ್ಟನ್ನು ತೆರೆದರೆ ಹುಳ. ಅಮ್ಮ ಫೋನಿನಲ್ಲಿ "ಇನ್ನಷ್ಟು ಮಾಡಿ ಕಳಿಸಲೇ?" ಎಂದು ಕೇಳಿದಾಗ, "ಇನ್ನೂ ಇದೆ ಅಮ್ಮ" ಎಂದೆ.

ಹೊರಡುವಾಗ ಅಡುಗೆಮನೆಗೆ ಹೋಗಿ ಆ ಡಬ್ಬಿಯನ್ನು ಕೆಳಗಿಳಿಸಿ, ಗ್ಯಾಸ್ ಒಲೆಯ ಪಕ್ಕದಲ್ಲೇ ಇಟ್ಟು ಬರೋಣ ಎಂದುಕೊಂಡೆ. ತುದಿಗಾಲಿನ ಮೇಲೆ ನಿಂತರೂ ಕೈಗೆಟುಕಲಿಲ್ಲ. ನನ್ನ ಎತ್ತರ ನಿಮಗೆ ಗೊತ್ತೇ ಇದೆ.