ಸಂದರ್ಭ ಸಹಿತ ವಿವರಿಸಿ

ನನ್ನ ಮಗ ಒಂಬತ್ತನೇ ಕ್ಲಾಸು. ಕವಿಗಳು ಪದ್ಯ ಬರೆಯುವುದೇ ಪರೀಕ್ಷೆಯಲ್ಲಿ ಸಾರಾಂಶ ಕೇಳಲಿ ಎಂದು, ಇದು ಅವನ ನಂಬಿಕೆ. ಕವಿ ಹುಟ್ಟಿದ ಊರು, ಇಸವಿ, ಬಂದ ಪ್ರಶಸ್ತಿ ಎಲ್ಲ ಬಾಯಿಪಾಠ. ಅವರು ಹೇಳಿದ್ದೇನೋ ಎಂದರೆ, "ಅದು ಗೈಡಲ್ಲಿದೆ ಅಮ್ಮ."

ಒಮ್ಮೆ "ಊಟಕ್ಕೆ ಬಾರೋ, ತಣ್ಣಗಾಗುತ್ತೆ" ಎಂದು ಕೂಗಿದೆ. ರೂಮಿನಿಂದಲೇ ಉತ್ತರ: "ಈ ವಾಕ್ಯವನ್ನು ಅಡುಗೆಮನೆಯಿಂದ ಆರಿಸಲಾಗಿದೆ. ಈ ಮಾತನ್ನು ತಾಯಿಯು ಮಗನಿಗೆ ಹೇಳುತ್ತಾಳೆ. ಸ್ವಾರಸ್ಯ: ಇವತ್ತೂ ಬಸ್ಸಾರು." ಮೂರಕ್ಕೆ ಮೂರು ಅಂಕ ಕೊಡಬೇಕಾದ ಉತ್ತರ, ಅಲ್ವಾ?

ಹುಟ್ಟುಹಬ್ಬಕ್ಕೆ ಕಾದಂಬರಿ ಕೊಟ್ಟೆ. ಫೋನ್ ಒರಗಿಸಿಡಲು ಸರಿಯಾದ ದಪ್ಪ ಇದೆಯಂತೆ.

ಮೊನ್ನೆ ರಾತ್ರಿ ಕರೆಂಟ್ ಹೋಯಿತು. ಅವನ ಫೋನೂ ಸತ್ತಿತ್ತು. ನಾನು ಟಾರ್ಚ್ ಹಿಡಿದು, ಸುಮ್ನೆ ನನ್ನ ಪಾಡಿಗೆ, ಜಿ.ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನನ ಪದಗಳನ್ನು ಜೋರಾಗಿ ಓದುತ್ತಿದ್ದೆ.

"ಕುಡುಕನಾ? ಪದ್ಯದಲ್ಲಾ?"

"ಎಲ್‌ಕೆಜಿಯಲ್ಲಿ ಕುಣೀತಾ ಹೇಳ್ತಿದ್ದೆಯಲ್ಲ ಬಣ್ಣದ ತಗಡಿನ ತುತ್ತೂರಿ, ಅದನ್ನು ಬರೆದ ಮೇಷ್ಟ್ರೇ ಇದನ್ನೂ ಬರೆದಿದ್ದು."

ಪುಸ್ತಕ ಕಿತ್ತುಕೊಂಡ. ಹೆಂಡತಿ ಅಲ್ಲಿ ಎಂಡ್ತಿ! ತನಗೆ ಅಂಕ ಕಳೆಯುವ ತಪ್ಪುಗಳನ್ನೇ ಕನ್ನಡ ಮೇಷ್ಟ್ರೊಬ್ಬರು ಅಚ್ಚು ಹಾಕಿಸಿದ್ದಾರೆ ಎಂದು ಅವನಿಗೆ ಪರಮ ಸಂತೋಷ. ನರಕಕ್ಕಿಳಿಸಿ, ನಾಲಿಗೆ ಸೀಳಿ, ಬಾಯಿ ಹೊಲಿದರೂ ಮೂಗಿನಲ್ಲೇ ಕನ್ನಡ ಹಾಡುತ್ತೇನೆ ಅನ್ನುತ್ತಾನಲ್ಲ ರತ್ನ, ಅಲ್ಲಿಗೆ ಬಂದವನು ತುಟಿ ಬಿಗಿದು ಮೂಗಿನಲ್ಲಿ ಹಾಡಿಯೇ ನೋಡಿದ. ನೆಗಡಿಯಾದ ಎಮ್ಮೆಯ ದನಿ ಬಂತು.

ಸದ್ದಿಗೆ ನಮ್ಮ ಅತ್ತೆ ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಹಾಗಲ್ಲ ಕಣೋ. ಕಾಲು ಬೇಕಾದ್ರೆ ತೂರಾಡಲಿ, ಪದ ನೆಟ್ಟಗಿರಬೇಕು."

ಆವತ್ತಿನಿಂದ ದಿನಾ ರಾತ್ರಿ ಊಟ ಆದಮೇಲೆ ಅಜ್ಜಿಯ ಎದುರು ಮೊಮ್ಮಗನ ತೂರಾಟ. ಸಾರಾಂಶ ಯಾರೂ ಕೇಳುವುದಿಲ್ಲ. ರತ್ನನ ಹೆಂಡತಿ ಪುಟ್ನಂಜಿಯ ಪದಗಳು ಈಗ ನನಗಿಂತ ಅವನಿಗೇ ಜಾಸ್ತಿ ಬರುತ್ತವೆ. ಒಂದೇ ತೊಂದರೆ, ಈಚೆಗೆ ಅವನ ದನಿ ಒಡೆದಿದೆ. ಥೇಟ್ ಅವರಪ್ಪನ ದನಿ.

ನಿನ್ನೆ ಕೆಳಗಿನ ಮನೆಯಾಕೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು: "ನಿಮ್ಮ ಯಜಮಾನರು ದಿನಾ ತಗೋತಾರಾ?"

"ಅಯ್ಯೋ, ಅವರಲ್ಲ ರೀ, ಅದು ನಮ್ಮ ಮಗ!" ಎಂದುಬಿಟ್ಟೆ.

ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು.